ಪರದೆಯ ಮೇಲಿನ ಕತ್ತಲೆ ಯಾವ ಪದಾರ್ಥ?

ಪ್ರೊಜೆಕ್ಟರ್‌ಗೆ ಕಪ್ಪು ಬಣ್ಣ ಬಿಡಲು ಬರುವುದಿಲ್ಲ. ಕೆಂಪು, ಹಸಿರು, ನೀಲಿ ಬೆಳಕನ್ನು ಬೇಕಾದ ಹದದಲ್ಲಿ ಬೆರೆಸಿ ಅದು ಪರದೆಗೆ ಕಳಿಸುತ್ತದೆ. ಕಪ್ಪು ಬೇಕಾದ ಕಡೆ ಬೆಳಕನ್ನು ತಡೆಹಿಡಿಯುತ್ತದೆ, ಅಷ್ಟೆ. ಪರದೆಯಂತೂ ಬಿಳಿ. ಆದರೂ ಆ ಬಿಳಿ ಪರದೆಯ ಮೇಲೆ ನಾಯಕಿಯ ಕಪ್ಪು ಜಡೆ, ಕಂಬಳಿ ಹೊದ್ದವನ ಬೆನ್ನು, ಅಮಾವಾಸ್ಯೆಯ ಆಕಾಶ ಎಲ್ಲವೂ ಕಾಣುತ್ತವೆ. ಯಂತ್ರ ಕಳಿಸದೇ ಇದ್ದ ಬಣ್ಣ ಪರದೆಗೆ ಬಂದದ್ದು ಎಲ್ಲಿಂದ? ಮನೆಯಲ್ಲಿ ಹೋಮ್ ಥಿಯೇಟರ್ ಮಾಡಿಕೊಳ್ಳಲು ಹೊರಟವರು ಅಂಗಡಿಯಲ್ಲಿ ಇದನ್ನು ಕೇಳುವುದಿಲ್ಲ. ಎಷ್ಟು ರೆಸಲ್ಯೂಷನ್, ಎಷ್ಟು ಲ್ಯೂಮೆನ್, ಎಷ್ಟು ವರ್ಷ ವಾರಂಟಿ ಎಂದು ಕೇಳುತ್ತಾರೆ. ಮೊದಲು ಕೇಳಬೇಕಾದದ್ದು ಕಪ್ಪಿನ ಪ್ರಶ್ನೆಯೇ ಎಂಬುದು ನನ್ನ ನಂಬಿಕೆ. ಯಾವ ಯಂತ್ರ ಕೊಳ್ಳಬೇಕು ಎನ್ನುವುದು ಅದರ ಉತ್ತರದ ಮೇಲೆ ನಿಂತಿದೆ. ಅದಕ್ಕಿಂತ ಮುಖ್ಯವಾಗಿ, ನಮ್ಮ ದರ್ಶನಗಳು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಜಗ್ಗಾಡಿದ ಒಂದು ತತ್ತ್ವಪ್ರಶ್ನೆಗೆ ಇಲ್ಲಿ ಹೊಸ ಸಾಕ್ಷ್ಯ ಸಿಗುತ್ತದೆ. ಕತ್ತಲೆ ಎಂಬುದು ಒಂದು ವಸ್ತುವೇ, ಅಥವಾ ಬೆಳಕು ಇಲ್ಲದಿರುವುದಕ್ಕೆ ನಾವು ಇಟ್ಟ ಹೆಸರು ಮಾತ್ರವೇ?

ಕೋಲಾರ ಜಿಲ್ಲೆಯ ನೆಲಕ್ಕೆ ಈ ಜಗಳ ಅಪರಿಚಿತವಲ್ಲ. ಕೋಲಾರ ಚಿನ್ನದ ಗಣಿಗಳ ಊರಾದ ಕೆ.ಜಿ.ಎಫ್‌ನ ಆಂಡರ್ಸನ್‌ಪೇಟೆಯಿಂದ ಬೇತಮಂಗಲದ ದಾರಿ ಹಿಡಿದರೆ ಸಿಗುವ ಮುಳಬಾಗಿಲಿನಲ್ಲಿ ಹದಿನೈದನೆಯ ಶತಮಾನದಲ್ಲಿ ಶ್ರೀಪಾದರಾಜರು ಪಾಠ ಹೇಳುತ್ತಿದ್ದರು. ಮುಂದೆ 'ತರ್ಕತಾಂಡವ' ಬರೆದು ನ್ಯಾಯದರ್ಶನದ ನೈಯಾಯಿಕರನ್ನು ಎದುರಿಸಿದ ವ್ಯಾಸತೀರ್ಥರು ಓದಿದ್ದು ಅವರ ಬಳಿಯಲ್ಲೇ. ಅವರ ಪರಂಪರೆಯಾದ ದ್ವೈತ ಕತ್ತಲೆಯನ್ನು ದ್ರವ್ಯವೆಂದೇ ಎಣಿಸುತ್ತದೆ. ಅದು ಹೇಳುವ ಇಪ್ಪತ್ತು ದ್ರವ್ಯಗಳ ಪಟ್ಟಿಯಲ್ಲಿ ಅಂಧಕಾರಕ್ಕೂ ಪ್ರತಿಬಿಂಬಕ್ಕೂ ಬೇರೆ ಬೇರೆ ಸ್ಥಾನಗಳಿವೆ. ಕುಮಾರಿಲಭಟ್ಟರ ಮೀಮಾಂಸಕರದೂ ಇದೇ ಪಕ್ಷ. ಕತ್ತಲೆಗೆ ಕಪ್ಪು ಎಂಬ ಬಣ್ಣವಿದೆ, ನೆರಳು ಚಲಿಸುತ್ತದೆ. ಗುಣವೂ ಕ್ರಿಯೆಯೂ ಇರುವುದು ದ್ರವ್ಯಕ್ಕೆ ತಾನೆ ಎಂಬುದು ಅವರ ವಾದ. ಶ್ರವಣಬೆಳಗೊಳದ ಜೈನರೂ ಉಮಾಸ್ವಾತಿಯ ತತ್ತ್ವಾರ್ಥಸೂತ್ರವನ್ನು ಅನುಸರಿಸಿ ಕತ್ತಲೆ, ನೆರಳುಗಳನ್ನು ಪುದ್ಗಲದ, ಎಂದರೆ ಜಡದ್ರವ್ಯದ, ಅವಸ್ಥೆಗಳೆಂದು ಹೇಳುತ್ತಾರೆ. ಎದುರು ಪಕ್ಷದಲ್ಲಿ ಕಣಾದರ ವೈಶೇಷಿಕವೂ ನ್ಯಾಯವೂ ಇವೆ. ಬಣ್ಣವುಳ್ಳ ಯಾವ ದ್ರವ್ಯವನ್ನು ನೋಡಬೇಕಾದರೂ ಕಣ್ಣಿಗೆ ಬೆಳಕು ಬೇಕು, ಕತ್ತಲೆಯನ್ನು ನೋಡಲು ಬೆಳಕು ಬೇಡ; ಆದ್ದರಿಂದ ಕತ್ತಲೆ ದ್ರವ್ಯವಲ್ಲ, ತೇಜಸ್ಸಿನ ಅಭಾವ ಎಂದು ಅವರ ತೀರ್ಪು. ಇವೆರಡರ ನಡುವೆ ಇನ್ನೂ ಸೂಕ್ಷ್ಮವಾದ ನಿಲುವುಗಳಿವೆ. ಪ್ರಾಭಾಕರರಿಗೆ ಕತ್ತಲೆ ಎಂದರೆ ಬೆಳಕಿನ ಅರಿವು ಇಲ್ಲದಿರುವುದು. 'ನ್ಯಾಯಕಂದಲೀ' ಬರೆದ ಶ್ರೀಧರನಿಗೆ ಅದು ಆರೋಪಿತವಾದ ನೀಲವರ್ಣ. ಇಷ್ಟು ಪಕ್ಷಗಳು ಹುಟ್ಟಿದ್ದು ಪಂಡಿತರಿಗೆ ಬೇರೆ ಕೆಲಸವಿರಲಿಲ್ಲ ಎಂಬ ಕಾರಣಕ್ಕಲ್ಲ. ಇಲ್ಲದಿರುವುದು ನಮಗೆ ಹೇಗೆ ತಿಳಿಯುತ್ತದೆ ಎಂಬ ಪ್ರಶ್ನೆ ಇಲ್ಲಿ ಅಡಗಿದೆ. ಅಜ್ಞಾನ, ದುಃಖ, ಮೋಕ್ಷ ಎಲ್ಲದರ ವಿವರಣೆಯೂ ಅದಕ್ಕೆ ತಗಲಿಕೊಂಡಿದೆ.

ಈಗ ಅಂಗಡಿಗೆ ಬರೋಣ. ರೆಸಲ್ಯೂಷನ್ ವಿಚಾರವನ್ನು ಬೇಗ ಮುಗಿಸಬಹುದು, ಅದು ಲೆಕ್ಕದ ಮಾತು. ಫುಲ್ ಎಚ್‌ಡಿ ಚಿತ್ರದಲ್ಲಿ ಅಡ್ಡ 1920, ಉದ್ದ 1080, ಒಟ್ಟು ಸುಮಾರು 20.7 ಲಕ್ಷ ಪಿಕ್ಸೆಲ್‌ಗಳು. 4ಕೆ ಚಿತ್ರದಲ್ಲಿ 3840ಕ್ಕೆ 2160, ಎಂದರೆ ಸುಮಾರು 83 ಲಕ್ಷ. ನೂರು ಇಂಚಿನ ಪರದೆಯ ಅಗಲ 2.2 ಮೀಟರ್ ಚಿಲ್ಲರೆ. ಅದರ ಮೇಲೆ ಫುಲ್ ಎಚ್‌ಡಿಯ ಒಂದು ಪಿಕ್ಸೆಲ್ 1.15 ಮಿಲಿಮೀಟರ್, 4ಕೆಯದು ಅದರ ಅರ್ಧ. ಸಾಮಾನ್ಯವಾಗಿ ಒಳ್ಳೆಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನವನ್ನು ಬಿಡಿಸಿ ನೋಡಬಲ್ಲದು. ಹತ್ತು ಅಡಿ ದೂರದಲ್ಲಿ ಕೂತರೆ ಅದು ಸುಮಾರು 0.9 ಮಿಲಿಮೀಟರ್ ಆಗುತ್ತದೆ. ಹಾಗಾಗಿ ಆ ದೂರದಿಂದ ಫುಲ್ ಎಚ್‌ಡಿ ಪಿಕ್ಸೆಲ್ ಚೂರು ಕಂಡೀತು, 4ಕೆ ಪಿಕ್ಸೆಲ್ ಕಾಣದು. ಪರದೆಯಿಂದ ಹದಿಮೂರು ಅಡಿ ದೂರಕ್ಕೆ ಸರಿದರೆ ಎರಡೂ ಒಂದೇ. 4ಕೆಯಿಂದ ಪ್ರಯೋಜನವಿಲ್ಲ ಎಂದು ನಾನು ಹೇಳುತ್ತಿಲ್ಲ, ಸಣ್ಣ ಕೋಣೆಯಲ್ಲಿ ದೊಡ್ಡ ಪರದೆ ಹಾಕುವವರಿಗೆ ಇದೆ. ಆದರೆ ಅದಕ್ಕೊಂದು ಮಿತಿಯುಂಟು, ಆ ಮಿತಿ ನಮ್ಮ ಕಣ್ಣಿನಲ್ಲಿದೆ. ಕಡಿಮೆ ಬೆಲೆಯ ಎಷ್ಟೋ 4ಕೆ ಯಂತ್ರಗಳ ಒಳಗಿರುವುದು 20.7 ಲಕ್ಷ ಕನ್ನಡಿಗಳ ಚಿಪ್ಪೇ. ಅದೇ ಕನ್ನಡಿಗಳು ಕ್ಷಣಮಾತ್ರದಲ್ಲಿ ನಾಲ್ಕು ಜಾಗಕ್ಕೆ ಬೆಳಕು ಚೆಲ್ಲುತ್ತವೆ, ನಮ್ಮ ಕಣ್ಣು ಅವನ್ನು ಒಂದಾಗಿ ಸೇರಿಸಿಕೊಳ್ಳುತ್ತದೆ. ಕೊಳ್ಳಿಯನ್ನು ತಿರುಗಿಸಿದರೆ ಬೆಂಕಿಯ ಚಕ್ರ ಕಾಣುತ್ತದೆ ಎಂಬ ಗೌಡಪಾದರ ಹಳೆಯ ದೃಷ್ಟಾಂತವನ್ನು ಬಲ್ಲವರಿಗೆ ಇದು ಬೇಗ ಅರ್ಥವಾದೀತು.

ಲ್ಯೂಮೆನ್ ವಿಚಾರ ಹಾಗಲ್ಲ, ಅಲ್ಲಿ ನಿಲ್ಲಬೇಕು. ಚಿತ್ರಮಂದಿರದ ಪರದೆಯಲ್ಲಿ ಬಿಳಿ ಎಷ್ಟು ಬೆಳಗಬೇಕು ಎಂಬುದಕ್ಕೆ ಜಗತ್ತೆಲ್ಲ ಒಪ್ಪಿದ ಅಳತೆ ಚದರ ಮೀಟರಿಗೆ 48 ಕ್ಯಾಂಡೆಲಾ. ನೂರು ಇಂಚಿನ ಪರದೆಯ ವಿಸ್ತೀರ್ಣ ಸುಮಾರು 2.75 ಚದರ ಮೀಟರ್. ಮಾಮೂಲಿ ಮ್ಯಾಟ್ ಪರದೆಯಾದರೆ ಅಷ್ಟು ಬೆಳಗಿಸಲು ಪರದೆಗೆ ತಲುಪಬೇಕಾದದ್ದು 415 ಲ್ಯೂಮೆನ್‌ನಷ್ಟು ಬೆಳಕು. ದೀಪ ಹಳೆಯದಾಗುತ್ತದೆ, ಬಣ್ಣ ಸರಿಮಾಡಿದಾಗ ಬೆಳಕು ಕಡಿಮೆಯಾಗುತ್ತದೆ ಎಂದು ದುಪ್ಪಟ್ಟು ಇಟ್ಟುಕೊಂಡರೂ ಸಾವಿರದ ಒಳಗೇ ಮುಗಿಯುತ್ತದೆ. ಅಂಗಡಿಯಲ್ಲಿ ಮೂರು ಸಾವಿರದ ಮಾತು ನಡೆಯುವುದೇಕೆ? ಕೋಣೆಯಲ್ಲಿ ಬೇರೆ ಬೆಳಕು ಇರುತ್ತದೆ ಎಂದು. ಪರದೆಯ ಮೇಲೆ 50 ಲಕ್ಸ್ ಬೆಳಕು ಬೀಳುವ, ಮಂದವೆಂದೇ ಅನ್ನಿಸುವ ಹಜಾರವನ್ನು ತೆಗೆದುಕೊಳ್ಳಿ. ಯಂತ್ರ ಆನ್ ಮಾಡುವ ಮುಂಚೆಯೇ ಪರದೆ 16 ಕ್ಯಾಂಡೆಲಾದಷ್ಟು ಬೆಳಗುತ್ತಿರುತ್ತದೆ, ನಮಗದು ಬಿಳಿಯಾಗಿ ಕಾಣುತ್ತದೆ. ಮೂರು ಸಾವಿರ ಲ್ಯೂಮೆನ್ ಯಂತ್ರ ಹಚ್ಚಿದರೆ ಚಿತ್ರದ ಬಿಳಿ 360ರ ಆಸುಪಾಸಿಗೆ ಏರುತ್ತದೆ; ಚಿತ್ರದ ಕಪ್ಪು ಅದೇ 16ರಲ್ಲಿ ನಿಲ್ಲುತ್ತದೆ. ಬಿಳಿ ಕಪ್ಪಿಗಿಂತ ಇಪ್ಪತ್ತೆರಡು ಇಪ್ಪತ್ತಮೂರು ಪಟ್ಟು ಮಾತ್ರ. ಅದೇ ಹಜಾರದ ಕಿಟಕಿಗೆ ದಪ್ಪ ಬಟ್ಟೆ ಎಳೆದು, ದೀಪ ಆರಿಸಿ, ಸಾವಿರಕ್ಕೆ ಒಂದರ ಕಾಂಟ್ರಾಸ್ಟ್ ಇರುವ ಸಾಧಾರಣ ಯಂತ್ರದಿಂದ ಬರೀ 415 ಲ್ಯೂಮೆನ್ ಬಿಟ್ಟರೆ ಕಪ್ಪು 0.05ರ ಹತ್ತಿರ ಇಳಿಯುತ್ತದೆ. ಗೋಡೆಗಳು ಬಿಳಿಯಾಗಿದ್ದರೆ ಚಿತ್ರದ ಬೆಳಕೇ ಅಲ್ಲಿ ಬಡಿದು ಹಿಂದಿರುಗಿ ಆ ಲಾಭದಲ್ಲಿ ಬಹುಪಾಲನ್ನು ಕಸಿದುಕೊಳ್ಳುತ್ತದೆ, ನಿಜ. ಹಾಗಾದರೂ ಏಳು ಪಟ್ಟು ಬೆಳಕು ಕೊಡಲಾರದ ಆಳವನ್ನು ಕಿಟಕಿಯ ಬಟ್ಟೆ ಕೊಟ್ಟಿರುತ್ತದೆ.

ಈ ಲೆಕ್ಕದಲ್ಲಿ ತತ್ತ್ವಕ್ಕೆ ಸಂಬಂಧಪಟ್ಟದ್ದು ಒಂದೇ ಒಂದು ಅಂಕಿ, 16. ಯಂತ್ರ ಹಚ್ಚುವ ಮೊದಲು ಪರದೆಯ ಒಂದು ಮೂಲೆ 16 ಕ್ಯಾಂಡೆಲಾ ಬೆಳಗುತ್ತಿತ್ತು, ಬಿಳಿಯಾಗಿತ್ತು. ಹಚ್ಚಿದ ಮೇಲೆ ಆ ಮೂಲೆಯಲ್ಲಿ ಕಪ್ಪು ಕಂಬಳಿಯ ಚಿತ್ರ ಬಂತು. ಈಗಲೂ ಅದು 16 ಕ್ಯಾಂಡೆಲಾವನ್ನೇ ಬೆಳಗುತ್ತಿದೆ, ಯಂತ್ರದ ಸೋರಿಕೆಯನ್ನು ಸೇರಿಸಿದರೆ ಒಂದಿಷ್ಟು ಹೆಚ್ಚೇ. ಆದರೆ ಈಗ ಕಪ್ಪಾಗಿ ಕಾಣುತ್ತಿದೆ. ಆ ಮೂಲೆಗೆ ಕತ್ತಲೆ ಎಂಬ ಯಾವ ದ್ರವ್ಯವೂ ಬಂದು ಸೇರಲಿಲ್ಲ, ಹಾಗಾಗಿ ಮೀಮಾಂಸಕರ ಪಕ್ಷಕ್ಕೆ ಇಲ್ಲಿ ಕಷ್ಟ. ಅಲ್ಲಿಂದ ಬೆಳಕೂ ಹೋಗಲಿಲ್ಲ, ಹಾಗಾಗಿ ನೈಯಾಯಿಕರ ಪಕ್ಷಕ್ಕೂ ಕಷ್ಟ. ಬದಲಾದದ್ದು ಅಕ್ಕಪಕ್ಕದ ಜಾಗ. ಜರ್ಮನಿಯ ಮನಶ್ಶಾಸ್ತ್ರಜ್ಞ ಆಡೆಮಾರ್ ಗೆಲ್ಬ್ 1929ರಲ್ಲಿ ಇದರ ಮಗ್ಗುಲನ್ನು ತಿರುವಿ ತೋರಿಸಿದರು. ಮಂದ ಬೆಳಕಿನ ಕೋಣೆಯಲ್ಲಿ ಒಂದು ಕಪ್ಪು ಬಿಲ್ಲೆಯನ್ನು ತೂಗುಬಿಟ್ಟು, ಮರೆಯಲ್ಲಿಟ್ಟ ಪ್ರೊಜೆಕ್ಷನ್ ದೀಪದಿಂದ ಅದೊಂದರ ಮೇಲೆ ಮಾತ್ರ ಬೆಳಕು ಬಿಟ್ಟರು. ನೋಡುವವರಿಗೆ ಬಿಲ್ಲೆ ಬಿಳಿಯಾಗಿ ಕಂಡಿತು. ಅದರ ಮುಂದೆ, ಅದೇ ಬೆಳಕಿನಲ್ಲಿ, ಒಂದು ಬಿಳಿ ಕಾಗದದ ಚೂರು ಹಿಡಿದ ಕೂಡಲೆ ಬಿಲ್ಲೆ ಕಪ್ಪಾಯಿತು. ಕಾಗದ ತೆಗೆದರೆ ಮತ್ತೆ ಬಿಳಿ. ಗುಟ್ಟು ತಿಳಿದ ಮೇಲೂ ಬಿಳಿಯೇ. ಇದಕ್ಕೂ ಹಿಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಎವಾಲ್ಡ್ ಹೆರಿಂಗ್ ಇನ್ನೊಂದನ್ನು ಗಮನಿಸಿದ್ದರು. ಬೆಳಕಿನ ಸುಳಿವೇ ಇಲ್ಲದ ಕಡೆ ಬಹಳ ಹೊತ್ತು ಇದ್ದರೆ ಕಣ್ಣಿಗೆ ಕಾಣುವುದು ಕಪ್ಪಲ್ಲ, ಒಂದು ಬೂದು. ಗಾಢವಾದ ಕಪ್ಪು ಕಾಣಬೇಕಾದರೆ ಪಕ್ಕದಲ್ಲಿ ಬೆಳಕು ಇರಲೇಬೇಕು.

ಹಾಗಿದ್ದರೆ ಕತ್ತಲೆ ಏನು? ನೈಯಾಯಿಕರ ಲಕ್ಷಣವಾಕ್ಯದಲ್ಲೇ ಒಂದು ಸುಳಿವಿದೆ. ಅನ್ನಂಭಟ್ಟರು ತಮ್ಮ ತರ್ಕಸಂಗ್ರಹಕ್ಕೆ ಬರೆದುಕೊಂಡ ದೀಪಿಕೆಯಲ್ಲಿ ಕತ್ತಲೆಯನ್ನು ಬರೀ ಬೆಳಕಿನ ಅಭಾವ ಎನ್ನದೆ, ಪ್ರೌಢವಾಗಿ ಬೆಳಗುವ ತೇಜಸ್ಸಿನ ಅಭಾವ ಎಂದು ಬಿಗಿಮಾಡುತ್ತಾರೆ. ಅವರ ತತ್ತ್ವದಲ್ಲಿ ತೇಜಸ್ಸಿನ ಕಣಗಳು ಎಲ್ಲ ಕಡೆ ಇರಬಹುದಾದ್ದರಿಂದ ಆ ವಿಶೇಷಣ ಅವರಿಗೆ ಅನಿವಾರ್ಯ. ಆದರೆ ಎಷ್ಟಿದ್ದರೆ ಪ್ರೌಢ? ಪರದೆಯ ಮೂಲೆಯಲ್ಲಿದ್ದ 16 ಕ್ಯಾಂಡೆಲಾ ಯಂತ್ರ ಹಚ್ಚುವ ಮೊದಲು ಪ್ರೌಢವಾಗಿತ್ತು, ಸಿನಿಮಾ ಶುರುವಾದ ಮೇಲೆ ಪ್ರೌಢವಾಗಿ ಉಳಿಯಲಿಲ್ಲ. ಹೀಗಾಗಿ ಪ್ರೌಢತ್ವವನ್ನು ಒಂದು ನಿಗದಿತ ಪ್ರಮಾಣವೆಂದು ಇಟ್ಟುಕೊಳ್ಳಲು ಬರುವುದಿಲ್ಲ. ಈ ಜಾಗದಲ್ಲಿ ಎಷ್ಟು ಬೆಳಕು ಇರಬಹುದಿತ್ತು ಎಂಬುದನ್ನು ಸುತ್ತಲಿನ ಬೆಳಕು ತಿಳಿಸುತ್ತದೆ. ಅಷ್ಟು ಇಲ್ಲದಿರುವುದೇ ಅಲ್ಲಿನ ಕತ್ತಲೆ. ಅಭಾವಕ್ಕೆ ಯಾವಾಗಲೂ ಒಂದು ಪ್ರತಿಯೋಗಿ ಇರುತ್ತದೆ, ಘಟದ ಅಭಾವಕ್ಕೆ ಘಟ, ಬೆಳಕಿನ ಅಭಾವಕ್ಕೆ ಬೆಳಕು, ಎಂದು ನೈಯಾಯಿಕರೇ ಕಲಿಸಿದ್ದಾರೆ. ನಾನು ಸೇರಿಸುವುದು ಇಷ್ಟೆ: ಆ ಪ್ರತಿಯೋಗಿ ಬರೀ ಹೆಸರಿಗೆ ಇದ್ದರೆ ಸಾಲದು, ಎಷ್ಟು ಎಂಬ ಅಳತೆಯೊಡನೆ ಎದುರಿಗಿರಬೇಕು. ಪಕ್ಕದಲ್ಲಿ ಬೆಳಗುವ ಬಿಳಿಯೇ ಕಪ್ಪಿನ ಅಳತೆಗೋಲು. ಅಳತೆಗೋಲು ಇಲ್ಲದ ಕಡೆ, ಹೆರಿಂಗ್ ಗಮನಿಸಿದಂತೆ, ಕಣ್ಣು ಕಪ್ಪನ್ನು ಕೂಡ ಕಾಣಲಾರದೆ ಬೂದಿನಲ್ಲಿ ನಿಲ್ಲುತ್ತದೆ.

ಇಲ್ಲದಿರುವುದನ್ನು ಅಳೆದು ತಿಳಿಯುವ ಈ ಕ್ರಮಕ್ಕೆ ಆಂಡರ್ಸನ್‌ಪೇಟೆಯ ನೆರೆಯಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಚಾಂಪಿಯನ್ ರೀಫ್ಸ್ ಗಣಿ ನೆಲದಿಂದ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್, ಹೋಮಿ ಭಾಭಾ ಅವರ ಶಿಷ್ಯರಾಗಿ, 1951ರಲ್ಲಿ ಕಾಸ್ಮಿಕ್ ಕಿರಣಗಳನ್ನು ಅಳೆಯಲು ಇಲ್ಲಿನ ಗಣಿಗೆ ಇಳಿದರು. ನೆಲದ ಮೇಲೆ ಅಂಗೈಯಗಲದ ಜಾಗದ ಮೂಲಕ ಸೆಕೆಂಡಿಗೆ ಒಂದರಂತೆ, ಆ ಕಿರಣಗಳಿಂದ ಹುಟ್ಟಿದ ಮ್ಯೂಆನ್ ಕಣಗಳು ಹಾಯುತ್ತಿರುತ್ತವೆ. ಕೆಳಗಿಳಿದಂತೆ ಬಂಡೆ ಅವನ್ನು ತಡೆಯುತ್ತದೆ. ಮುಂದಿನ ಪ್ರಯೋಗಗಳಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಉಪಕರಣವನ್ನು ಇನ್ನೂ ಆಳಕ್ಕೆ ಒಯ್ದರು. ಸುಮಾರು 2,760 ಮೀಟರ್ ಆಳದಲ್ಲಿ ಎರಡು ತಿಂಗಳು ಕಾದರೂ ಒಂದೇ ಒಂದು ಕಣ ದಾಖಲಾಗಲಿಲ್ಲ. ಈ ಸೊನ್ನೆಯನ್ನು ಅವರು ವಿಫಲತೆ ಎಂದು ಬದಿಗಿಡಲಿಲ್ಲ. ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ನ್ಯೂಟ್ರಿನೋ ಎಂಬ ಕಣದ ಗುರುತನ್ನು ಹಿಡಿಯಬಹುದು ಎಂದು ಅದರಿಂದಲೇ ಗೊತ್ತಾಯಿತು. ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳು ಸೇರಿ 2.3 ಕಿಲೋಮೀಟರ್ ಆಳದಲ್ಲಿ ಹೂಡಿದ ಪ್ರಯೋಗದಲ್ಲಿ, 1965ರಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಪತ್ತೆಯಾಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲಿಯೂ. ಭಾಟ್ಟ ಮೀಮಾಂಸಕರು ಅನುಪಲಬ್ಧಿ ಎಂದು ಒಂದು ಪ್ರತ್ಯೇಕ ಪ್ರಮಾಣವನ್ನು ಒಪ್ಪುತ್ತಾರೆ. ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯಬಹುದು, ಆದರೆ ಇದ್ದಿದ್ದರೆ ಕಾಣಲೇಬೇಕಿತ್ತು ಎಂಬ ಯೋಗ್ಯತೆ ಇರಬೇಕು ಎಂಬುದು ಅದರ ಷರತ್ತು. ಗಣಿಯಾಳದ ಸೊನ್ನೆಗೆ ಬೆಲೆ ಬಂದದ್ದು ಈ ಷರತ್ತು ಪೂರೈಸಿದ್ದರಿಂದ. ಅದೇ ಬಗೆಯ ಉಪಕರಣ ಮೇಲಿನ ಹಂತಗಳಲ್ಲಿ ಕಣಗಳನ್ನು ಎಣಿಸಿ ತೋರಿಸಿತ್ತು. ಪ್ರೊಜೆಕ್ಟರ್ ಪೆಟ್ಟಿಗೆಯ ಮೇಲೆ ಲಕ್ಷಕ್ಕೆ ಒಂದು, ಹತ್ತು ಲಕ್ಷಕ್ಕೆ ಒಂದು ಎಂದು ಅಚ್ಚಾಗಿರುವ ಡೈನಾಮಿಕ್ ಕಾಂಟ್ರಾಸ್ಟ್‌ನ ಕಪ್ಪಿಗೆ ಆ ಯೋಗ್ಯತೆ ಇಲ್ಲ. ಪರದೆಯಲ್ಲಿ ಚಿತ್ರವೇ ಇಲ್ಲದಾಗ ಬೆಳಕಿನ ಬಾಯಿಯನ್ನೇ ಮುಚ್ಚಿ ಅಳೆದ ಕಪ್ಪು ಅದು. ಬಿಳಿಯೂ ಕಪ್ಪೂ ಒಟ್ಟಿಗೆ ಪರದೆಯ ಮೇಲಿರುವಾಗ, ಹದಿನಾರು ಚೌಕಗಳ ಚದುರಂಗದ ಮಾದರಿಯಿಟ್ಟು ಅಳೆಯುವ ಆನ್ಸಿ ಕಾಂಟ್ರಾಸ್ಟ್ ಕಣ್ಣಿನ ಅನುಭವಕ್ಕೆ ಹೆಚ್ಚು ಹತ್ತಿರ.

ಮುಳಬಾಗಿಲಿನ ಪರಂಪರೆಯ ಪಂಡಿತರೊಬ್ಬರು ಇಲ್ಲಿ ಸುಮ್ಮನಿರಲಾರರು. ಪ್ರತ್ಯಕ್ಷವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ, ಕಪ್ಪು ಕಾಣುತ್ತದೆ, ಚಲಿಸುತ್ತದೆ, ಬಾಧಕ, ಎಂದರೆ ಅದನ್ನು ಸುಳ್ಳಾಗಿಸುವ ಸಾಕ್ಷ್ಯ, ಸಿಗುವ ತನಕ ಅದು ನಿಜವೇ ಎಂದು ಅವರು ಹೇಳುತ್ತಾರೆ. ಪ್ರಬಲವಾದ ಆಕ್ಷೇಪ. ಆದರೆ ಪರದೆಯೇ ಬಾಧಕವನ್ನು ಒದಗಿಸುತ್ತದೆ. ಕಪ್ಪು ಕಂಬಳಿಯವನು ಎಡದಿಂದ ಬಲಕ್ಕೆ ನಡೆದಾಗ ಪರದೆಯ ಮೇಲೆ ಏನೂ ನಡೆಯಲಿಲ್ಲ. ಒಂದೊಂದು ಪಿಕ್ಸೆಲ್ ತಾನಿದ್ದಲ್ಲೇ ಮಂಕಾಯಿತು, ಬೆಳಗಿತು. ಚಲನೆ ಕಂಡದ್ದರಿಂದ ದ್ರವ್ಯ ಸಿದ್ಧಿಸುವುದಿಲ್ಲ. ಹಾಗಿದ್ದರೆ ಬಿಳಿ ಸೀರೆಯವಳು ನಡೆದದ್ದೂ ಸುಳ್ಳಾಯಿತು, ಬೆಳಕನ್ನೂ ದ್ರವ್ಯವಲ್ಲ ಎನ್ನುತ್ತೀರಾ ಎಂದು ಅವರು ತಿರುಗಿ ಕೇಳಬಹುದು. ಅವಳ ನಡಿಗೆ ಸುಳ್ಳು ಎಂದು ಒಪ್ಪುತ್ತೇನೆ. ಆದರೆ ಬಿಳಿಯ ಜಾಗದಲ್ಲಿ ಲೈಟ್ ಮೀಟರ್ ಇಟ್ಟರೆ ಅಂಕಿ ಏರುತ್ತದೆ, ಯಂತ್ರದಿಂದ ಏನೋ ಒಂದು ಹೊರಟು ಅಲ್ಲಿಗೆ ತಲುಪಿದೆ. ಕಪ್ಪಿನ ಜಾಗದಲ್ಲಿ ಇಟ್ಟರೆ, ಯಂತ್ರದ ಸೋರಿಕೆಯೊಂದನ್ನು ಬಿಟ್ಟು, ಹೊಸದಾಗಿ ಬಂದದ್ದು ಏನೂ ಸಿಗುವುದಿಲ್ಲ. ಬೆಳಕಿನ ಪರವಾಗಿ ನಿಲ್ಲುವ ಈ ಎರಡನೆಯ ಸಾಕ್ಷಿ ಕತ್ತಲೆಯ ಪರವಾಗಿ ನಿಲ್ಲುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ನೈಯಾಯಿಕರಿಂದ ಬರುತ್ತದೆ. ನೀವು ಹೇಳಿದ್ದೆಲ್ಲ ಕಪ್ಪು ಕಾಣುವ ಬಗೆಯ ಕುರಿತು, ಕತ್ತಲೆಯ ಸ್ವರೂಪದ ಕುರಿತಲ್ಲ; ಭ್ರಮೆಯ ಉದಾಹರಣೆಗಳಿಂದ ಪದಾರ್ಥವನ್ನು ನಿರ್ಣಯಿಸಬಹುದೇ? ಯಾರೂ ನೋಡದ ಗಣಿಯ ಸುರಂಗದಲ್ಲಿ ಬೆಳಕಿಲ್ಲ, ಅಲ್ಲಿ ಕತ್ತಲೆಯಿದೆ, ಅಷ್ಟೇ ತಾನೆ? ಸುರಂಗದಲ್ಲಿ ಬೆಳಕಿಲ್ಲ ಎಂಬುದು ನಿಜ, ಯಾರು ನೋಡಿದರೂ ಬಿಟ್ಟರೂ ನಿಜ. ಆದರೆ ಆ ಸಂಗತಿಗೂ ನಾವು ಕತ್ತಲೆ ಎಂದು ಅನುಭವಿಸುವುದಕ್ಕೂ ಸಮೀಕರಣ ಹಾಕಿದವರು ನೈಯಾಯಿಕರು. ಹಾಕಿದ ಮೇಲೆ, ಬೆಳಕಿರುವ ಜಾಗ ಕಪ್ಪಾಗಿಯೂ, ಬೆಳಕೇ ಇಲ್ಲದ ಜಾಗ ಬೂದಾಗಿಯೂ ಕಾಣುವುದೇಕೆ ಎಂದು ವಿವರಿಸುವ ಹೊಣೆ ಅವರ ಮೇಲೆ ಬೀಳುತ್ತದೆ. ಪ್ರತಿಯೋಗಿಯ ಅಳತೆಯನ್ನು ಲಕ್ಷಣದೊಳಗೆ ತಂದರೆ ಈ ತೊಡಕು ಬಿಡಿಸಿಕೊಳ್ಳುತ್ತದೆ, ಅಭಾವಪಕ್ಷವೂ ಉಳಿಯುತ್ತದೆ. ನಾನು ಅವರನ್ನು ಸೋಲಿಸಲು ಹೊರಟಿಲ್ಲ, ಅವರ ಪಕ್ಷವನ್ನೇ ಒಂದು ತಿದ್ದುಪಡಿಯೊಡನೆ ಒಪ್ಪುತ್ತಿದ್ದೇನೆ.

ಆರಾಧನೆಯ ಸ್ಥಳಗಳು ಈ ಮಾತನ್ನು ತರ್ಕಶಾಸ್ತ್ರಕ್ಕಿಂತ ಮೊದಲೇ ಬಲ್ಲವು. ನಮ್ಮ ಹಳೆಯ ದೇವಾಲಯಗಳ ಗರ್ಭಗುಡಿಗೆ ಕಿಟಕಿ ಇಲ್ಲ. ಮುಖಮಂಟಪ, ನವರಂಗ, ಸುಕನಾಸಿ ಎಂದು ಒಳಗೆ ಹೋದಷ್ಟೂ ಬೆಳಕು ಕರಗುತ್ತದೆ, ಕಣ್ಣು ಒಗ್ಗಿಕೊಳ್ಳುತ್ತದೆ. ಕೊನೆಗೆ ಒಂದು ನಂದಾದೀಪ ಸಾಕಾಗುತ್ತದೆ, ಮಂಗಳಾರತಿಯ ಕರ್ಪೂರ ಎತ್ತಿದಾಗ ಮೂರ್ತಿಯ ಮುಖ ಎದ್ದು ಬರುತ್ತದೆ. ಇವತ್ತು ಎಷ್ಟೋ ಕಡೆ ಗರ್ಭಗುಡಿಯೊಳಗೆ ಟ್ಯೂಬ್‌ಲೈಟು, ಎಲ್‌ಇಡಿ ಸರ ಹಾಕಿ ದೇವರನ್ನು ಚೆನ್ನಾಗಿ ಕಾಣಿಸಲು ಹೊರಟಿದ್ದಾರೆ. ಅಲ್ಲಿ ಆರತಿ ಎತ್ತಿದರೂ ಎತ್ತದಿದ್ದರೂ ವ್ಯತ್ಯಾಸವೇ ತಿಳಿಯುವುದಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ, ಏಕೆಂದರೆ ಭಕ್ತಿಯಿಂದಲೇ ನಡೆಯುತ್ತಿರುವ ನಷ್ಟ ಅದು. ಕೆ.ಜಿ.ಎಫ್‌ನಲ್ಲಿ ಕ್ಯಾಥೊಲಿಕ್ ಕುಟುಂಬಗಳು ಬಹಳ. ಈಸ್ಟರ್‌ನ ಹಿಂದಿನ ರಾತ್ರಿ ಆ ಸಂಪ್ರದಾಯದ ಚರ್ಚುಗಳಲ್ಲಿ ದೀಪಗಳನ್ನೆಲ್ಲ ಆರಿಸಿ, ಹೊಸ ಬೆಂಕಿಯಿಂದ ಪಾಸ್ಕ ಮೊಂಬತ್ತಿ ಹೊತ್ತಿಸಿ, ಅದರಿಂದ ಎಲ್ಲರ ಕೈಯ ಮೊಂಬತ್ತಿಗಳಿಗೆ ಜ್ವಾಲೆ ಹಂಚುತ್ತಾರೆ. ದೀಪ ಆರಿಸುವುದು ಅಲ್ಲಿ ಪೂಜಾವಿಧಿಯ ಒಂದು ಅಂಗ. ಮನರಂಜನೆಗೆ ಕೊಳ್ಳುವ ಪೆಟ್ಟಿಗೆಯನ್ನು ಇವುಗಳ ಪಕ್ಕದಲ್ಲಿ ಇಡುವುದು ಅಪಚಾರವಲ್ಲವೇ ಎಂದು ಕೆಲವರಿಗೆ ಅನ್ನಿಸಬಹುದು. ಸಿನಿಮಾ ಪೂಜೆಯಲ್ಲ. ಆದರೆ ನೋಡುವ ಕಣ್ಣು ಎರಡೂ ಕಡೆ ಒಂದೇ, ಅದನ್ನು ಗೌರವಿಸುವ ಬಗೆಯೂ ಒಂದೇ. 2018ರ ಡಿಸೆಂಬರ್ 21ರಂದು ತೆರೆಕಂಡ ಪ್ರಶಾಂತ್ ನೀಲ್ ಅವರ 'ಕೆ.ಜಿ.ಎಫ್: ಚಾಪ್ಟರ್ 1' ಚಿತ್ರದ ಚಿತ್ರೀಕರಣ ಇಲ್ಲಿನ ಸೈನೈಡ್ ದಿಬ್ಬಗಳ ಮೇಲೂ ನಡೆಯಿತು. ಭುವನ್ ಗೌಡ ಅವರ ಛಾಯಾಗ್ರಹಣ ಮಸಿಯ ಬಣ್ಣದ ಮುಖಗಳನ್ನು ಮಸಿಯ ಬಣ್ಣದ ಹಿನ್ನೆಲೆಯಲ್ಲಿ ನಿಲ್ಲಿಸುತ್ತದೆ. ಟ್ಯೂಬ್‌ಲೈಟ್ ಉರಿಯುವ ಹಜಾರದಲ್ಲಿ ಅದನ್ನು ಹಚ್ಚಿದರೆ 83 ಲಕ್ಷ ಪಿಕ್ಸೆಲ್‌ಗಳೂ ಸೇರಿ ಒಂದು ಬೂದು ಮಂಜನ್ನು ಬಹಳ ನಿಖರವಾಗಿ ತೋರಿಸುತ್ತವೆ.

ಕತ್ತಲೆಯನ್ನು ಹೀಗೆ ಹೊಗಳುವುದನ್ನು ಗಣಿಯಲ್ಲಿ ದುಡಿದ ಮನೆತನದವರು ಒಪ್ಪದೇ ಇರಬಹುದು, ಅದಕ್ಕೆ ಅವರಿಗೆ ಎಲ್ಲ ಹಕ್ಕೂ ಇದೆ. ಶಿವನಸಮುದ್ರದ ನೀರಿನಿಂದ ತೆಗೆದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ 1902ರಲ್ಲಿ ಕೆ.ಜಿ.ಎಫ್ ತಲುಪಿತು, ಬೆಂಗಳೂರಿನ ಬೀದಿಗಳಿಗೆ ಬರುವ ಮೂರು ವರ್ಷ ಮೊದಲು. ಅದು ಬಂದದ್ದು ಚಿನ್ನ ತೆಗೆಯುವ ಯಂತ್ರಗಳಿಗಾಗಿ. ಕೆಳಗೆ ಇಳಿದವರಿಗೆ ಕತ್ತಲೆ ಎಂದರೆ ರಾಕ್ ಬರ್ಸ್ಟ್‌ನ ಭಯ, ಬಂಡೆಯ ಕಾವು, ಎದೆಗೆ ಇಳಿದ ದೂಳು. ಅವರ ಕತ್ತಲೆಯನ್ನು ಸೌಂದರ್ಯದ ವಸ್ತುವಾಗಿ ಮಾಡುವ ಉದ್ದೇಶ ನನಗಿಲ್ಲ. ಆದರೆ ನಾನು ಹೇಳುತ್ತಿರುವ ನಿಲುವು ಅವರ ಕಡೆಗೇ ವಾಲುತ್ತದೆ. ಕತ್ತಲೆ ತನ್ನಷ್ಟಕ್ಕೆ ಒಂದು ದ್ರವ್ಯವಾಗಿದ್ದರೆ ಗಣಿಯ ಕತ್ತಲೆಯೂ ಗರ್ಭಗುಡಿಯ ಕತ್ತಲೆಯೂ ಒಂದೇ ಪದಾರ್ಥವಾಗಿ, ಒಂದಕ್ಕೆ ಸಂದ ಗೌರವ ಇನ್ನೊಂದಕ್ಕೂ ಸಲ್ಲಬೇಕಾಗುತ್ತಿತ್ತು. ಪ್ರತಿಯೋಗಿಯಿಂದ ನಿರ್ಧಾರವಾಗುವ ಅಭಾವವಾದರೆ ಹಾಗಲ್ಲ. ಏನು ಇರಬೇಕಿತ್ತು, ಅದು ಯಾಕೆ ಇಲ್ಲ, ತಡೆದವರು ಯಾರು ಎಂದು ಪ್ರತಿ ಕತ್ತಲೆಯಲ್ಲೂ ಬೇರೆ ಬೇರೆಯಾಗಿ ಕೇಳಬಹುದು. ತಾನೇ ದೀಪ ಆರಿಸಿ ಕೂತವನ ಕತ್ತಲೆ ಒಂದು. ಗಾಳಿ, ಬೆಳಕು, ಸುರಕ್ಷತೆ ಸಿಗಬೇಕಿದ್ದು ಸಿಗದವನ ಕತ್ತಲೆ ಇನ್ನೊಂದು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಮುಂಜಾನೆಯ ರೈಲು ಹಿಡಿದು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ಸಾವಿರಾರು ಜನರಿಗೆ ತಮ್ಮ ಊರಿನಲ್ಲಿ ಇಲ್ಲದ್ದು ಏನೆಂದು ಅಳತೆಯೊಡನೆ ಗೊತ್ತಿದೆ. ಗಣಿಯೇ ಇಲ್ಲದ ಊರಿನವರಿಗೆ ಆ ಕೊರತೆ ಕಾಣುವುದೇ ಇಲ್ಲ.

ಆಂಡರ್ಸನ್‌ಪೇಟೆಯ ಮನೆಗಳಲ್ಲಿ ಹೋಮ್ ಥಿಯೇಟರ್‌ಗೆಂದೇ ಒಂದು ಕೋಣೆ ಮೀಸಲಿಡುವುದು ಎಲ್ಲರಿಗೂ ಸಾಧ್ಯವಿಲ್ಲ. ಮಕ್ಕಳು ಓದುವ, ಅಜ್ಜಿ ಮಲಗುವ, ನೆಂಟರು ಕೂರುವ ಹಜಾರವೇ ಥಿಯೇಟರೂ ಆಗಬೇಕು. ದುಡ್ಡು ಖರ್ಚು ಮಾಡುವ ಕ್ರಮ ಬದಲಾಗಬೇಕಾದದ್ದು ಇಂಥ ಮನೆಯಲ್ಲೇ. ಮೊದಲು ಕಿಟಕಿಗೆ ಬೆಳಕು ಹಾಯದ ಬಟ್ಟೆ, ಆಮೇಲೆ ಪರದೆಯ ಹತ್ತಿರದ ಗೋಡೆಗೂ ಮೇಲ್ಛಾವಣಿಗೂ ಹೊಳಪಿಲ್ಲದ ಗಾಢ ಬಣ್ಣ, ಬಿಳಿಯ ಬದಲು ಬೂದು ಪರದೆ, ಕಪ್ಪನ್ನು ಕೆಳಗಿಳಿಸಬಲ್ಲ ಯಂತ್ರ. ಪಿಕ್ಸೆಲ್‌ಗಳ ಎಣಿಕೆ ಕೊನೆಯಲ್ಲಿ. ಕೋಣೆಯನ್ನು ಕತ್ತಲಾಗಿಸಲು ಬರುವುದೇ ಇಲ್ಲವೆಂದಾದರೆ ಪ್ರೊಜೆಕ್ಟರನ್ನೇ ಬಿಟ್ಟು ಒಳ್ಳೆಯ ಟಿ.ವಿ. ಕೊಳ್ಳುವುದು ಸರಿ, ಏಕೆಂದರೆ ಟಿ.ವಿ.ಯ ಗಾಜು ತಾನೇ ಕಪ್ಪು.

ಒಂದು ಪ್ರಶ್ನೆ ಮಾತ್ರ ಇಷ್ಟರಲ್ಲಿ ತೀರುವುದಿಲ್ಲ. ಅಜ್ಞಾನವೂ ಬರೀ ಅಭಾವವಲ್ಲ, ಭಾವರೂಪವಾದದ್ದು ಎಂದು ಸಾಧಿಸಲು ಅದ್ವೈತದ ವಿವರಣ ಪ್ರಸ್ಥಾನದ ಪ್ರಕಾಶಾತ್ಮರು ಕತ್ತಲೆಯನ್ನು, ಅದರಲ್ಲಿ ಮೊದಲು ಹೊತ್ತಿದ ದೀಪದ ಪ್ರಭೆಯನ್ನು, ದೃಷ್ಟಾಂತವಾಗಿ ತಂದರು. ದೀಪ ಯಾವುದೋ ಒಂದನ್ನು ತೊಲಗಿಸಿತು, ತೊಲಗಿಸಿದ್ದರಿಂದ ಅದು ಇತ್ತು ಎಂಬ ಧಾಟಿ. ಇಲ್ಲಿಯವರೆಗಿನ ವಾದ ಸರಿಯಾದರೆ ಆ ದೃಷ್ಟಾಂತ ದುರ್ಬಲವಾಗುತ್ತದೆ, ಏಕೆಂದರೆ ದೀಪ ಕತ್ತಲೆಯನ್ನು ತೊಲಗಿಸುವುದರ ಜೊತೆಗೆ ಮೂಲೆಗಳಲ್ಲಿ ಹೊಸ ಕತ್ತಲೆಯನ್ನು ಕಾಣಿಸುತ್ತದೆ, ಮೊದಲು ಬೂದಾಗಿದ್ದ ಜಾಗವನ್ನು ಕಪ್ಪಾಗಿಸುತ್ತದೆ. ಆದರೆ ಅದ್ವೈತಿ ಇದನ್ನೇ ತನ್ನ ಕಡೆಗೆ ತಿರುಗಿಸಿಕೊಳ್ಳಬಲ್ಲ. ತಿಳಿಯದೆ ಇದ್ದಾಗ ನಮಗೆ ತಿಳಿಯದು ಎಂಬುದೂ ತಿಳಿದಿರುವುದಿಲ್ಲ, ಒಂದಿಷ್ಟು ತಿಳಿವು ಹೊತ್ತಿದ ಮೇಲೆ ತಾನೆ ನಾನು ಅಜ್ಞ ಎಂಬ ಅನುಭವ ಬರುವುದು ಎಂದು ಅವನು ಕೇಳುತ್ತಾನೆ. ಅನುಭವದ ಮಟ್ಟದಲ್ಲಿ ಅವನ ಮಾತು ಸರಿ. ಅಷ್ಟರಿಂದ ಅಜ್ಞಾನ ಭಾವರೂಪವೆಂದು ಸಿದ್ಧಿಸುವುದಿಲ್ಲ. ತಿಳಿವಿನ ಅಳತೆಯಲ್ಲಿ ಕಂಡುಬಂದ ಅಭಾವ ಎಂದಷ್ಟೇ ಸಿದ್ಧಿಸುತ್ತದೆ. ಅದನ್ನು ದಾಟಬೇಕಾದರೆ ಅವನು ಕತ್ತಲೆಯ ದೃಷ್ಟಾಂತ ಬಿಟ್ಟು ಬೇರೆ ಪ್ರಮಾಣ ತರಬೇಕು. ಸುಷುಪ್ತಿಯಿಂದ ಎದ್ದವನಿಗೆ ನನಗೇನೂ ತಿಳಿಯಲಿಲ್ಲ ಎಂಬ ನೆನಪು ಬರುವುದನ್ನು ಅವನು ತರುತ್ತಾನೆ. ಆ ಚರ್ಚೆ ಕಣ್ಣಿಗೂ ಪರದೆಗೂ ಸಂಬಂಧಿಸಿದ್ದಲ್ಲ, ಅದನ್ನು ನಿದ್ದೆಯ ಸಾಕ್ಷ್ಯದ ಮೇಲೆಯೇ ನಡೆಸಬೇಕು.